ಒಗೋನಿಗೆ ಬೇಕಿದ್ದದ್ದು ಕ್ಷಮಾದಾನವಲ್ಲ
ನೈಜೀರಿಯಾದ ಒಗೋನಿ ಸೀಮೆಯಲ್ಲಿ ಶೆಲ್ ಕಂಪನಿ ತೈಲ ಎತ್ತತೊಡಗಿದ್ದು 1958ರಲ್ಲಿ. ಮುಂದೆ ಹೊಲ, ಹೊಳೆ, ಮೀನು ಎಲ್ಲಕ್ಕೂ ಎಣ್ಣೆ ಮೆತ್ತಿತು. ಇದರ ವಿರುದ್ಧ ಜನರನ್ನು ಸಂಘಟಿಸಿದ ಲೇಖಕ ಕೆನ್ ಸಾರೊ-ವಿವಾ ಮತ್ತು ಇತರ ಎಂಟು ಮಂದಿಯನ್ನು ಸೇನಾ ಸರ್ಕಾರ ಕೊಲೆ ಆರೋಪ ಹೊರಿಸಿ, ಮೇಲ್ಮನವಿಗೂ ಅವಕಾಶ ಕೊಡದೆ, 1995ರ ನವೆಂಬರ್ 10ರಂದು ಗಲ್ಲಿಗೇರಿಸಿತು. ವಿಶ್ವಸಂಸ್ಥೆಯ 2011ರ ಪರಿಸರ ವರದಿ ಓದಿದರೆ ಹೊಟ್ಟೆ ಕಿವುಚುತ್ತದೆ: ಆ ಸೀಮೆಯ ಒಗಾಲೆ ಎಂಬಲ್ಲಿನ ಜನ ಕುಡಿಯುತ್ತಿದ್ದ ಬಾವಿ ನೀರಿನಲ್ಲಿ ಕ್ಯಾನ್ಸರ್ ತರುವ ಬೆಂಜೀನ್ ಮಿತಿಗಿಂತ 900 ಪಟ್ಟು ಹೆಚ್ಚಿತ್ತು. 2025ರ ಜೂನ್‌ನಲ್ಲಿ ಅಧ್ಯಕ್ಷ ಟಿನುಬು ಆ ಒಂಬತ್ತು ಮಂದಿಗೆ ಮರಣೋತ್ತರ ಕ್ಷಮಾದಾನ ಕೊಟ್ಟರು. ಕ್ಷಮೆ ತಪ್ಪಿತಸ್ಥರಿಗೆ ಸಲ್ಲುವಂಥದ್ದು. ಇವರು ಮಾಡಿದ ತಪ್ಪಾದರೂ ಏನು? ಆ ತೀರ್ಪನ್ನೇ ರದ್ದುಪಡಿಸಬೇಕು. ಅದಕ್ಕೂ ಮೊದಲು ಅಲ್ಲಿನ ಮಕ್ಕಳಿಗೆ ಶುದ್ಧ ಕುಡಿಯುವ ನೀರು ಸಿಗಬೇಕು.