ನಾಯಿಗೆ ಸಹಜವಾದುದು ಯಾವುದು?

'ಸಹಜ' ಎಂಬುದು ಒಳ್ಳೆಯ ಮಾತು. ಜೊತೆಯಲ್ಲೇ ಹುಟ್ಟಿದ್ದು ಎಂದು ಅದರ ಅರ್ಥ. ಈಚೆಗೆ ಅದಕ್ಕೆ ಬಂದೊದಗಿರುವ ದುರವಸ್ಥೆಯನ್ನು ನೋಡಿದರೆ ಮರುಕವಾಗುತ್ತದೆ. ಸಾಬೂನಿಗೂ ಸಹಜ, ತಲೆಗೆಣ್ಣೆಗೂ ಸಹಜ. ಈಗ ನಾಯಿಯ ಕೊರಳಿಗೂ ಅದನ್ನು ಕಟ್ಟಿದ್ದಾರೆ. ಪಟ್ಟಣದ ವಿದ್ಯಾವಂತರ ಮನೆಗಳಲ್ಲಿ ಸಹಜ ಶ್ವಾನಪಾಲನೆ ಎಂಬ ಹೊಸ ಮತವೊಂದು ಹಬ್ಬುತ್ತಿದೆ. ಅದರ ಸೂತ್ರಗಳು ಮೂರು. ನಾಯಿ ಮೂಲತಃ ತೋಳ, ಆದ್ದರಿಂದ ಹಸಿ ಮಾಂಸವೇ ಅದರ ಆಹಾರ. ಕಾಯಿಲೆಗೆ ಅರಿಸಿನ, ಬೇವು, ಸೊಪ್ಪುಸದೆ ಸಾಕು. ಲಸಿಕೆಯೆಂಬುದು ವಿಷ, ಅದನ್ನು ಹಾಕಿಸಕೂಡದು. ಮೊದಲನೆಯದು ತಪ್ಪು ತಿಳಿವಳಿಕೆ, ಎರಡನೆಯದು ಅರ್ಧ ಸತ್ಯ, ಮೂರನೆಯದು ಅಪರಾಧ ಎಂಬುದು ನನ್ನ ವಾದ.

ಈ ಮತದವರಿಗೆ ಸಲ್ಲತಕ್ಕ ನ್ಯಾಯವನ್ನು ಮೊದಲು ಸಲ್ಲಿಸಿಬಿಡೋಣ. ಅವರ ಸಿಟ್ಟಿಗೆ ಕಾರಣವಿಲ್ಲದಿಲ್ಲ. ಹಿಮದ ನಾಡಿನಲ್ಲಿ ಬಂಡಿಯೆಳೆಯಲೆಂದು ಬೆಳೆಸಿದ ಹಸ್ಕಿ ನಾಯಿಯನ್ನು ಎರಡು ಪದರದ ತುಪ್ಪಳದ ಸಮೇತ ತಂದು, ಕಲಬುರಗಿಯ ಬೇಸಗೆಯಲ್ಲಿ ಕಟ್ಟಿಹಾಕುವವರಿದ್ದಾರೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಅನುಕೂಲವಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈಯನ್ನು ತಂಪು ಮಾಡಿಕೊಳ್ಳಬೇಕು. ಅಂಥದರಲ್ಲಿ ಮೂಗೇ ಇಲ್ಲವೆನ್ನುವಷ್ಟು ಮುಖ ಚಪ್ಪಟೆಯಾದ ಪಗ್ ನಾಯಿಯನ್ನು ಮುದ್ದಿಗೆಂದು ಕೊಳ್ಳುತ್ತೇವೆ. ಅದು ಗೊರಗೊರ ಎಂದು ಉಸಿರಿಗೆ ಒದ್ದಾಡುವುದನ್ನು ಕಂಡು ನಗುತ್ತೇವೆ. ಓಟವಿಲ್ಲ, ಮಣ್ಣಿಲ್ಲ, ಇನ್ನೊಂದು ನಾಯಿಯ ಸಂಗವಿಲ್ಲ. ಇದು ಸಹಜವಲ್ಲವೆಂದರೆ ನಾನು ಕೈಯೆತ್ತಿ ಒಪ್ಪುತ್ತೇನೆ. ನಮ್ಮ ಮುಧೋಳದ ನಾಯಿ ಬಿಸಿಲು ಬಲ್ಲ ತಳಿ. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿಯೂ ಬಂದಿತು. ಆದರೆ ಓಡಲೆಂದೇ ಹುಟ್ಟಿದ ಆ ಪ್ರಾಣಿಯನ್ನೂ ಎರಡು ಕೋಣೆಯ ಮನೆಯಲ್ಲಿ ಸರಪಣಿಗೆ ಬಿಗಿದರೆ ಅದೂ ಅಸಹಜವೇ. ಸ್ವದೇಶಿ ಎಂಬ ಹೆಸರಿನಿಂದ ಹಿಂಸೆ ಕಡಮೆಯಾಗುವುದಿಲ್ಲ.

ಇನ್ನು ತೋಳದ ಮಾತು. ನಾಯಿ ತೋಳದ ವಂಶದ್ದು, ನಿಜ. ಆದರೆ ಸಾವಿರಾರು ವರ್ಷ ಮನುಷ್ಯನ ಅಂಗಳದಲ್ಲಿ ಕಳೆದು ಅದರ ಹೊಟ್ಟೆಯೇ ಬದಲಾಗಿದೆ. ಪಿಷ್ಟವನ್ನು ಅರಗಿಸುವ ಅಮೈಲೇಸ್ ಎಂಬ ಕಿಣ್ವಕ್ಕೆ ಕಾರಣವಾದ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು ಎಂದು 2013ರಲ್ಲಿ ವಿಜ್ಞಾನಿಗಳು ತೋರಿಸಿದರು. ಎಂದರೆ ನಮ್ಮ ಹಳ್ಳಿಯ ಅಜ್ಜಿ ಮುದ್ದೆಯ ತುಣುಕಿಗೆ ಸಾರಿನ ತಳದ ಮಾಂಸ ಬೆರೆಸಿ ಹಾಕುತ್ತಿದ್ದುದು ಅಜ್ಞಾನವಾಗಿರಲಿಲ್ಲ. ಬರಿಯ ಮುದ್ದೆ ಸಾಲದು, ಮೊಟ್ಟೆಯೋ ಮಾಂಸವೋ ಬೇಕು ಎಂಬುದು ಬೇರೆ ಮಾತು. ಹಸಿ ಮಾಂಸದ ಜೊತೆ ಸಾಲ್ಮೊನೆಲ್ಲ ಬರುತ್ತದೆ. ಕಸಾಯಿಖಾನೆಯ ಹಸಿ ಶ್ವಾಸಕೋಶ, ಪಿತ್ತಜನಕಾಂಗಗಳ ಮೂಲಕ ಲಾಡಿಹುಳು ನಾಯಿಯನ್ನು ಸೇರುತ್ತದೆ. ನಾಯಿಯಿಂದ ಅದರ ಮೊಟ್ಟೆ ಮನೆಯ ಮಕ್ಕಳನ್ನು ಸೇರಿ ಒಳಗೆ ನೀರ್ಗಂತಿ ಕಟ್ಟುತ್ತದೆ. ಬೇಯಿಸುವ ಒಲೆ ಅಸಹಜವೆನ್ನುವವರು ತಮ್ಮ ಅನ್ನವನ್ನೂ ಹಸಿಯಾಗಿಯೇ ಉಣ್ಣಬೇಕಾಗುತ್ತದೆ.

ಗಿಡಮೂಲಿಕೆಯೆಲ್ಲ ನಿರಪಾಯವೆಂಬ ನಂಬಿಕೆಯೂ ಇಷ್ಟೇ ಬಲದ್ದು. ಈರುಳ್ಳಿ, ಬೆಳ್ಳುಳ್ಳಿಗಳಿಗಿಂತ ಸಹಜವಾದುದು ಯಾವುದು? ಅವೆರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ ಅದರ ಮೂತ್ರಪಿಂಡವನ್ನೇ ಕೆಡಿಸಬಹುದು. ಹುಳು ಬೀಳಲೆಂದು ಬೆಳ್ಳುಳ್ಳಿ ಅರೆದು ಕುಡಿಸುವವರು ಇದನ್ನು ತಿಳಿದರೆ ಒಳ್ಳೆಯದು.

ಇವೆಲ್ಲ ನಾಯಿಗೂ ಮನೆಯವರಿಗೂ ಆಗುವ ಕೇಡು. ಮೂರನೆಯ ಸೂತ್ರ ಬೀದಿಗೆ ಆಗುವ ಕೇಡು. ಹುಚ್ಚುನಾಯಿ ರೋಗದ ವೈರಸ್ಸು ಪೂರಾ ಸಹಜವಾದುದು. ಯಾವ ಕಾರ್ಖಾನೆಯಲ್ಲೂ ಅದನ್ನು ಮಾಡಿದವರಿಲ್ಲ. ಕಡಿದ ಗಾಯದಿಂದ ನರದ ದಾರಿ ಹಿಡಿದು ಮಿದುಳನ್ನು ಸೇರುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲವೆಂದೇ ಹೇಳಬೇಕು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆಂದು ಅಂದಾಜು. ಅದರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ನಮ್ಮ ಭಾರತದ್ದೇ ಎನ್ನುತ್ತಾರೆ. ನೂರರಲ್ಲಿ ತೊಂಬತ್ತೊಂಬತ್ತಕ್ಕೆ ಕಾರಣ ನಾಯಿಯ ಕಡಿತ. ಕಡಿಸಿಕೊಳ್ಳುವವರಲ್ಲಿ ಹದಿನೈದರ ಒಳಗಿನ ಮಕ್ಕಳು ಬಹಳ. ತತ್ತ್ವ ಯಜಮಾನರದು, ಕಡಿತ ಮಾತ್ರ ಕಸ ಗುಡಿಸಲು ಬಂದವಳ ಮಗುವಿಗೆ, ಬೆಳಗಿನ ಹಾಲಿನ ಹುಡುಗನಿಗೆ. ಇದು ಯಾವ ಊರಿನ ಅಹಿಂಸೆ?

'ನಮ್ಮ ನಾಯಿ ಮನೆ ಬಿಟ್ಟು ಹೋಗುವುದೇ ಇಲ್ಲ' ಎನ್ನುತ್ತಾರೆ. ಬೀದಿನಾಯಿಗೆ ನಿಮ್ಮ ಗೇಟು ತಿಳಿದಿದೆಯೆ? 'ತಾಯಹಾಲಿನಲ್ಲೇ ರಕ್ಷಣೆಯಿದೆ' ಎನ್ನುತ್ತಾರೆ. ಇದೆ, ಕೆಲವು ವಾರಗಳ ಮಟ್ಟಿಗೆ. ಅದು ಇಳಿಯುತ್ತ ಬರುವ ಹೊತ್ತಿಗೇ ಮರಿಗಳನ್ನು ಪಾರ್ವೊ ಹಿಡಿಯುತ್ತದೆ. 1978ರ ಸುಮಾರಿಗೆ ಮೊದಲು ಗುರುತಿಗೆ ಬಂದ ಆ ರೋಗ ಎರಡೇ ವರ್ಷಗಳಲ್ಲಿ ಲೋಕವನ್ನೆಲ್ಲ ಸುತ್ತಿತು. ರಕ್ತಭೇದಿಯಿಂದ ಮರಿ ಒಣಗಿ ಸಾಯುವುದನ್ನು ಕಂಡವರು ಸಹಜ ರಕ್ಷಣೆಯ ಮಾತನ್ನು ಸುಲಭವಾಗಿ ಆಡಲಾರರು.

ಪ್ಯಾಸ್ಚರ್ ಹುಚ್ಚುನಾಯಿ ಕಡಿದ ಬಾಲಕನೊಬ್ಬನಿಗೆ ಲಸಿಕೆ ಕೊಡಿಸಿದ್ದು 1885ರಲ್ಲಿ. ಕೂನೂರಿನ ಪ್ಯಾಸ್ಚರ್ ಸಂಸ್ಥೆ ಆರಂಭವಾದದ್ದು 1907ರಲ್ಲಿ. ನೂರು ವರ್ಷಕ್ಕೂ ಮಿಕ್ಕಿ ನಮ್ಮ ಕೈಯಲ್ಲಿರುವ ವಿದ್ಯೆಯಿದು. ಪಕ್ಕದ ಗೋವೆಯಲ್ಲಿ ವರ್ಷ ವರ್ಷವೂ ಬೀದಿನಾಯಿಗಳನ್ನು ಹಿಡಿಹಿಡಿದು ಲಸಿಕೆ ಹಾಕಿದರು. ಈ ರೋಗದಿಂದ ಮನುಷ್ಯರು ಸಾಯುವುದು 2018ರಿಂದ ಕೆಲವು ವರ್ಷ ನಿಂತೇಹೋಯಿತು. ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ರಕ್ಷಣೆಯಿದ್ದರೆ ರೋಗ ಹರಡಲಾರದೆಂಬುದು ಬಲ್ಲವರ ಲೆಕ್ಕ. ಬೀದಿನಾಯಿಗಳ ಎಪ್ಪತ್ತನ್ನು ಸರಕಾರ ತುಂಬಲಿ ಎಂದು ಕೂಗುವ ನಾವು, ನಮ್ಮ ಸೋಫಾದ ಮೇಲಿನ ಒಂದನ್ನು ಆ ಲೆಕ್ಕದಿಂದ ಕಳೆಯುವುದು ಎಷ್ಟು ಸರಿ?

ನಾಯಿಯನ್ನು ಪ್ರೀತಿಸುವುದು ಹೇಗೆಂದು ಹೊರಗಿನವರಿಂದ ಕಲಿಯಬೇಕಾದ ನಾಡಲ್ಲ ನಮ್ಮದು. ಮಂಡ್ಯ ಸೀಮೆಯ ಆತಕೂರಿನ ಶಾಸನ ಹತ್ತನೆಯ ಶತಮಾನದ್ದು. ಗಂಗ ಬೂತುಗನ ಭಟ ಮಣಲೆರ ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದುದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೆರ ಕಲ್ಲು ನಿಲ್ಲಿಸಿದ. ಪೂಜೆಗೆಂದು ಭೂಮಿ ಬಿಟ್ಟ. ಪೂಜಿಸದೆ ಉಣ್ಣುವವನಿಗೆ ಪಾಪವೆಂದು ಬರೆಯಿಸಿದ. ಗಮನಿಸಿ: ಅವನು ನಾಯಿಯ ಗುಣಗಾನ ಮಾಡಿ ಸುಮ್ಮನಾಗಲಿಲ್ಲ. ತನ್ನ ಕಾಲಕ್ಕೆ ತಿಳಿದಿದ್ದ ಏರ್ಪಾಡನ್ನೆಲ್ಲ ಮಾಡಿದ. ನಮ್ಮ ಕಾಲಕ್ಕೆ ತಿಳಿದಿರುವ ಏರ್ಪಾಡಿನಲ್ಲಿ ಸೂಜಿಯೂ ಸೇರಿದೆ.

ಆದುದರಿಂದ ಸಹಜವಾದಿಗಳಲ್ಲಿ ನನ್ನ ಬಿನ್ನಹವಿಷ್ಟೆ. ನಾಯಿಯನ್ನು ಓಡಲು ಬಿಡಿ, ಮಣ್ಣು ಮೂಸಲು ಬಿಡಿ, ಹವೆಗೆ ಒಗ್ಗುವ ತಳಿಯನ್ನೇ ಸಾಕಿ, ಮನೆಯ ಉಪ್ಪುಖಾರವಿಲ್ಲದ ಬೇಯಿಸಿದ ಊಟ ಹಾಕಿ. ಮೂರು ತಿಂಗಳಿಗೆ ಹುಚ್ಚಿನ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದ ಅವಧಿಗೆ ಮತ್ತೆ ಹಾಕಿಸಿ. ಯಾರಿಗಾದರೂ ನಾಯಿ ಕಡಿದರೆ ಮೆಣಸಿನಪುಡಿ, ಸುಣ್ಣ ಮೆತ್ತದೆ ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಕೂಡಲೆ ಆಸ್ಪತ್ರೆಗೆ ಕರೆದೊಯ್ಯಿರಿ. ನಾಯಿಯ ಜೊತೆಯಲ್ಲಿ ಹುಟ್ಟಿ ಬಂದುದು ತೋಳದ ಹಲ್ಲೊಂದೇ ಅಲ್ಲ, ಮನುಷ್ಯನ ಮೇಲಿನ ವಿಶ್ವಾಸವೂ ಹೌದು. ಆ ವಿಶ್ವಾಸಕ್ಕೆ ತಕ್ಕಂತೆ ನಡೆದುಕೊಳ್ಳುವುದೇ ಸಹಜ ಸಾಕಣೆ.