ದುಡ್ಡು ಬರೋ ದಾರಿಗೂ ಅಕ್ಕಡಿ ಸಾಲು ಇರಲಿ

ಮಾಗಡಿ, ರಾಮನಗರ ಕಡೆಯ ರೈತರಲ್ಲಿ ಹಲವರು ಈಗ ರಾಗಿ ಹಿಟ್ಟು, ಅವರೆಕಾಳು, ಹುಚ್ಚೆಳ್ಳು, ಮಾವಿನಹಣ್ಣನ್ನು ಬೆಂಗಳೂರಿನ ಮನೆಗಳಿಗೆ ನೇರ ಮಾರುತ್ತಿದ್ದಾರೆ. ಓದಿದ ಮಕ್ಕಳಿರುವ ಮನೆಯಲ್ಲಿ ಮೊಬೈಲಲ್ಲೇ ಸಣ್ಣ ಅಂಗಡಿ ತೆರೆದಿದ್ದಾರೆ. ಒಳ್ಳೇದೇ. ಆದರೆ ಚೀಲದ ಬಣ್ಣ, ಅಂಗಡಿ ಹೆಸರಿನ ಬಗ್ಗೆ ನಡೆಯೋ ಚರ್ಚೆ, ಗಿರಾಕಿ ದುಡ್ಡು ಯಾವ ದಾರಿಯಲ್ಲಿ ಬರಬೇಕು ಅನ್ನೋದರ ಬಗ್ಗೆ ನಡೆಯೋದಿಲ್ಲ. ಅಂಗಡಿ ಮಾಡಿಕೊಟ್ಟ ಹುಡುಗ ತೋರಿಸಿದ್ದೇ ದಾರಿ. ಇದನ್ನು ರೈತರೇ ಕೂತು ತೀರ್ಮಾನ ಮಾಡಬೇಕು ಅಂತ ನನ್ನ ಅಭಿಪ್ರಾಯ.

ಮಳೆ ನಂಬಿದ ನಾವು ರಾಗಿ ಹೊಲದಲ್ಲಿ ಅವರೆ, ಜೋಳ, ಹುಚ್ಚೆಳ್ಳನ್ನು ಅಕ್ಕಡಿ ಹಾಕ್ತೀವಿ. ಹೊಲವೆಲ್ಲ ರಾಗಿ, ನಡುನಡುವೆ ಬೇರೆ ಸಾಲು. ದುಡ್ಡಿನ ವಿಚಾರಕ್ಕೂ ಇದೇ ಲೆಕ್ಕ ಸಾಕು. ಒಂದು ದಾರಿ ಮುಖ್ಯ ಬೆಳೆ, ಒಂದೆರಡು ಅಕ್ಕಡಿ.

ಮುಖ್ಯ ಬೆಳೆ ಯುಪಿಐ ಆಗಲಿ. 2016ರಲ್ಲಿ ಬಂದ ಈ ಪದ್ಧತಿಯಲ್ಲಿ ಗಿರಾಕಿಯ ಬ್ಯಾಂಕಿನಿಂದ ನಮ್ಮ ಬ್ಯಾಂಕಿಗೆ ದುಡ್ಡು ಆಗಿಂದಾಗಲೇ ಬೀಳ್ತದೆ. ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಇಂಥ ದುಡ್ಡಿಗೆ 2020ರ ಜನವರಿಯಿಂದ ಮಾರುವವನ ಹತ್ತಿರ ಶುಲ್ಕ ಹಿಡಿಯೋ ಹಾಗಿಲ್ಲ. ನೂರು ರೂಪಾಯಿ ಬಂದರೆ ನೂರೂ ನಮ್ಮದೇ.

ಇನ್ನು ಪೇಮೆಂಟ್ ಗೇಟ್‌ವೇ ಅನ್ನೋದು. ಇದು ನಡುವೆ ನಿಂತು ಕಾರ್ಡು, ನೆಟ್ ಬ್ಯಾಂಕಿಂಗ್ ಎಲ್ಲ ದಾರಿಯಿಂದಲೂ ದುಡ್ಡು ಇಸ್ಕೊಂಡು ನಮಗೆ ಕಳಿಸುವ ಕಂಪನಿ. ಸಾಮಾನ್ಯವಾಗಿ ನೂರಕ್ಕೆ ಎರಡು ರೂಪಾಯಿ ಕಮಿಷನ್, ಆ ಕಮಿಷನ್ ಮೇಲೆ ನೂರಕ್ಕೆ 18 ಜಿಎಸ್‌ಟಿ. 600 ರೂಪಾಯಿ ಆರ್ಡರಿಗೆ ಕಮಿಷನ್ 12 ರೂಪಾಯಿ, ತೆರಿಗೆ 2 ರೂಪಾಯಿ 16 ಪೈಸೆ, ಒಟ್ಟು 14 ರೂಪಾಯಿ 16 ಪೈಸೆ ಹೋಯ್ತು. ದುಡ್ಡು ಕೈಗೆ ಬರೋದು ಎರಡು ಮೂರು ದಿನ ತಡ. ಗಿರಾಕಿಗೆ ದುಡ್ಡು ವಾಪಸ್ ಕೊಟ್ಟರೂ ಕಮಿಷನ್ ಸಾಮಾನ್ಯವಾಗಿ ವಾಪಸ್ ಬರೋದಿಲ್ಲ. ಗಿರಾಕಿ ಕೊಟ್ಟದ್ದು ಯುಪಿಐ ಆದರೂ ತಮ್ಮ ಮೂಲಕ ಬಂತು ಅಂತ ಸೇವಾ ಶುಲ್ಕ ಹಿಡಿಯೋ ಕಂಪನಿಗಳೂ ಇವೆ. ಸೇರುವ ಮುಂಚೆ ಇದನ್ನು ಕೇಳಿಕೊಳ್ಳಿ.

ಹಾಗಂತ ಗೇಟ್‌ವೇ ಬೇಡವೇ ಬೇಡ ಅನ್ನೋಲ್ಲ. ದಿನಕ್ಕೆ ಐವತ್ತು ಆರ್ಡರ್ ಬಂದರೆ ಯಾರು ಕೊಟ್ಟರು ಯಾರು ಕೊಡಲಿಲ್ಲ ಅಂತ ಮೊಬೈಲ್ ನೋಡಿ ಟಿಕ್ ಹಾಕೋಕೆ ಒಂದಾಳೇ ಬೇಕು. ಆಗ ಆ ಆಳಿನ ಕೂಲಿ ಎಷ್ಟು, ಕಮಿಷನ್ ಎಷ್ಟು ಅಂತ ತೂಗಿ ನೋಡಬೇಕು. ದಿನಕ್ಕೆ ನಾಲ್ಕೈದು ಆರ್ಡರಿನವರಿಗೆ ಅದು ಅಕ್ಕಡಿ ಸಾಲಷ್ಟೇ ಸಾಕು.

ಮಾಲು ತಲುಪಿದ ಮೇಲೆ ದುಡ್ಡು ಅನ್ನೋದು ಮೂರನೇ ದಾರಿ. ಹಿಂದಿನ ವಿ.ಪಿ.ಪಿ. ಇದ್ದ ಹಾಗೇ. ಗಿರಾಕಿಗೆ ನಂಬಿಕೆ ಬರ್ತದೆ ನಿಜ. ಆದರೆ ಬಾಗಿಲಲ್ಲಿ 'ಬೇಡ' ಅಂದುಬಿಟ್ಟರೆ ಹೋಗೋ ಖರ್ಚು, ಬರೋ ಖರ್ಚು ಎರಡೂ ನಮ್ಮ ತಲೆಗೆ. ರಾಗಿ ಹಿಟ್ಟು ವಾಪಸ್ ಬಂದರೆ ಮನೆ ಮುದ್ದೆಗಾದರೂ ಆಯ್ತು. ಮಾವು, ಸೊಗಡಿನ ಅವರೆಕಾಯಿ ವಾಪಸ್ ಬಂದರೆ ತಿಪ್ಪೆಗೇ. 2019ರಲ್ಲಿ ರಾಜ್ಯದ ಮಾವು ನಿಗಮ ಮತ್ತು ಅಂಚೆ ಇಲಾಖೆ ಸೇರಿ, ಆನ್‌ಲೈನ್ ಆರ್ಡರ್ ಮಾಡಿದ ಬೆಂಗಳೂರಿನವರ ಮನೆಗೆ 3 ಕೆ.ಜಿ. ಪೆಟ್ಟಿಗೆಯಲ್ಲಿ ಮಾವು ತಲುಪಿಸೋಕೆ ಶುರು ಮಾಡಿದವು. ಹಣ್ಣು ಕಳಿಸೋಕೆ ದಾರಿ ಇದೆ ಅಂತ ಇದರಿಂದ ಗೊತ್ತಾಯ್ತು. ಆದರೆ ಕೆಡುವ ಮಾಲಿಗೆ ದುಡ್ಡು ಮೊದಲೇ ಬರಬೇಕು. ಈ ಮಾತಲ್ಲಿ ದಾಕ್ಷಿಣ್ಯ ಬೇಡ.

ಯುಪಿಐ ಬಗ್ಗೆ ಎರಡು ಎಚ್ಚರಿಕೆ. ಒಂದು, ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನಂಬಿ ಮಾಲು ಕಳಿಸಬೇಡಿ. ನಮ್ಮ ಖಾತೆಯಲ್ಲಿ ದುಡ್ಡು ಬಿದ್ದಿದೆಯಾ ನೋಡಿ. ದುಡ್ಡು ಇಸ್ಕೊಳ್ಳೋಕೆ ಯಾವತ್ತೂ ಪಿನ್ ಒತ್ತಬೇಕಾಗಿಲ್ಲ. ಒತ್ತಿ ಅಂದವನು ಕಳ್ಳ. ಮೋಸವಾದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಎರಡನೇದು ತೆರಿಗೆ ಭಯ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಚೀಟಿ ಅಂಟಿಸಿದರು. ನಮ್ಮವರೂ ಹೆದರಿದರು. ಹೆದರೋದು ಬೇಕಿಲ್ಲ. ಸ್ವಂತ ಜಮೀನಿನಲ್ಲಿ ಬೆಳೆದದ್ದನ್ನು ಮಾರುವ ರೈತ ಅಷ್ಟರ ಮಟ್ಟಿಗೆ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಪಕ್ಕದವರ ಮಾಲನ್ನೂ ಕೊಂಡು ಮಾರಿದರೆ ಅದು ವ್ಯಾಪಾರ, ಅದರ ನಿಯಮ ಬೇರೆ. ಆದ್ದರಿಂದ ಅಂಗಡಿಗೇ ಅಂತ ಒಂದು ಬ್ಯಾಂಕ್ ಖಾತೆ ಪ್ರತ್ಯೇಕ ಇಡಿ. ಚೀಟಿ ದುಡ್ಡು, ಕೈಸಾಲ, ಅಳಿಯ ಕಳಿಸಿದ್ದು ಎಲ್ಲ ಒಂದೇ ಖಾತೆಗೆ ಬಿದ್ದರೆ ಯಾವುದು ರಾಗಿ ದುಡ್ಡು ಅಂತ ನಾಳೆ ಯಾರಿಗೆ ತೋರಿಸ್ತೀರಿ? ಜೊತೆಗೆ ನೂರು ಪುಟದ ನೋಟ್‌ಬುಕ್ಕಲ್ಲಿ ದಿನದ ಲೆಕ್ಕ ಬರೆದಿಡಿ.

ಕೊನೆಯದು ಮನೆಯೊಳಗಿನ ಮಾತು. ಆ ಖಾತೆ ಯಾರ ಹೆಸರಲ್ಲಿ? ಕಾಳು ಕೇರಿ, ಹಿಟ್ಟು ಜರಡಿ ಹಿಡಿದು ಚೀಲ ತುಂಬೋದು ಮನೆ ಹೆಂಗಸರು. ದುಡ್ಡು ಬೀಳೋದು ಪಟ್ಟಣದಲ್ಲಿರೋ ಮಗನ ಖಾತೆಗೆ. ಎಷ್ಟು ಬಂತು ಅಂತ ಅವನೇ ಹೇಳಬೇಕು. ಮಂಡಿಯವನು ಬರೆದ ಚೀಟಿಯನ್ನು ಮಾತಾಡದೆ ಇಸ್ಕೊಂಡು ಬರುವ ಕಷ್ಟ ತಪ್ಪಲಿ ಅಂತ ತಾನೇ ನೇರ ಮಾರೋಕೆ ಹೊರಟದ್ದು? ಮನೆಯೊಳಗೇ ಇನ್ನೊಂದು ಮಂಡಿ ಆಗಬಾರದು. ಖಾತೆ ಕೆಲಸ ಮಾಡುವವರ ಹೆಸರಲ್ಲಿರಲಿ, ದುಡ್ಡು ಬಿದ್ದ ಸದ್ದು ಅವರ ಫೋನಲ್ಲೇ ಆಗಲಿ. ಮಗ ಲೆಕ್ಕಕ್ಕೆ ಸಹಾಯ ಮಾಡಲಿ.

ಬೇರೆ ಕಡೆಯ ಕೃಷಿಕರು ಯಾವ ದಾರಿ ಹಿಡಿದಿದ್ದೀರಿ, ವರ್ಷಕ್ಕೆ ಎಷ್ಟು ಕಮಿಷನ್ ಹೋಯ್ತು ಅನ್ನೋ ಲೆಕ್ಕ ಬರೆದರೆ ಎಲ್ಲರಿಗೂ ಉಪಯೋಗ.