ಮೈಲೇಜು: ಕಾಗದದ ಮೇಲೊಂದು, ರಸ್ತೆಯ ಮೇಲೊಂದು

ಮೈಲಿಗಲ್ಲು ಹೋಗಿ ಕಿಲೋಮೀಟರ್ ಕಲ್ಲು ಬಂದು ಅರ್ಧ ಶತಮಾನವೇ ಕಳೆಯಿತು. ಆದರೂ ಕಾರು ಕೊಳ್ಳಲು ಹೊರಟ ಅಪ್ಪನ ಬಾಯಿಂದ ಮೊದಲು ಬರುವ ಪ್ರಶ್ನೆ ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂಬುದೇ. ಪಕ್ಕದಲ್ಲಿ ನಿಂತ ಮಗನೋ ಮಗಳೋ ಕೇಳುವುದು ಇನ್ನೊಂದು: ‘ಪಿಕಪ್ ಹೇಗಿದೆ?’ ಈ ಎರಡೂ ಪ್ರಶ್ನೆಗಳಿಗೆ ಒಂದೇ ಗಾಡಿ ಉತ್ತರವಾಗಬಲ್ಲದು ಎಂಬ ಆಸೆ ಹುಟ್ಟಿಸಿದ್ದು 2005ರಲ್ಲಿ ಬಂದ ಮಾರುತಿ ಸ್ವಿಫ್ಟ್. ಸಂತೆಗೂ ಸೈ, ಓಟಕ್ಕೂ ಸೈ ಎನ್ನುವ ಅಂಥ ಚುರುಕು ಕಾರುಗಳು ಇಂದು ಹಲವಾರು ಇವೆ.

2024ರಲ್ಲಿ ಬಂದ ಹೊಸ ಸ್ವಿಫ್ಟ್‌ಗೆ, ಕೈಯಿಂದ ಗೇರ್ ಹಾಕುವ ಮಾದರಿಯಲ್ಲಿ, ಕಂಪನಿ ಹೇಳಿದ ಅಂಕಿ ಲೀಟರಿಗೆ 24.8 ಕಿ.ಮೀ. ಶಿವಮೊಗ್ಗದಲ್ಲಿ ಮನೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದು ಅಥವಾ ಕೆಲಸ ಎನ್ನುವವರ ಲೆಕ್ಕ ಹಾಕಿ ನೋಡೋಣ. ಹೋಗಲು ಸುಮಾರು 28 ಕಿ.ಮೀ., ಬರಲು ಅಷ್ಟೇ. ತಿಂಗಳಿಗೆ 22 ದಿನ ಎಂದರೆ 1,232 ಕಿ.ಮೀ. ಕಂಪನಿಯ ಅಂಕಿಯ ಪ್ರಕಾರ ಬೇಕಾದ ಪೆಟ್ರೋಲ್ ಸುಮಾರು 50 ಲೀಟರ್. ಒಂದು ವೇಳೆ ರಸ್ತೆಯಲ್ಲಿ ಸಿಕ್ಕಿದ್ದು 18 ಮಾತ್ರ ಎಂದಾದರೆ 68 ಲೀಟರ್ ದಾಟುತ್ತದೆ. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ತಿಂಗಳಿಗೆ ಸುಮಾರು 1,900 ರೂಪಾಯಿ ಹೆಚ್ಚು. ವರ್ಷಕ್ಕೆ ಇಪ್ಪತ್ತು ಸಾವಿರ ದಾಟುವ ಈ ಹಣ ಸಾಲದ ಕಂತಿನ ಚೀಟಿಯಲ್ಲಿ ಎಲ್ಲೂ ಬರೆದಿರುವುದಿಲ್ಲ.

ಹಾಗಾದರೆ ಕಂಪನಿ ಸುಳ್ಳು ಹೇಳಿತೇ? ಇಲ್ಲ. ಅದು ಹೇಳಿದ್ದು ಪ್ರಯೋಗಶಾಲೆಯ ಸತ್ಯ. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಗದಿಯಾದ ವೇಳಾಪಟ್ಟಿಯಂತೆ ಓಡಿಸಿ, ಹೊಗೆಯನ್ನು ಅಳೆದು ಇಂಧನದ ಲೆಕ್ಕ ತೆಗೆಯುತ್ತಾರೆ. ಇಡೀ ಪರೀಕ್ಷೆ ಮುಗಿಯುವುದು ಇಪ್ಪತ್ತು ನಿಮಿಷದೊಳಗೆ. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಎ.ಸಿ. ಬಂದ್. ನಿಂತಲ್ಲಿಂದ 50ರ ವೇಗ ಮುಟ್ಟಲು ಕಾರು ಸುಮಾರು 25 ಸೆಕೆಂಡು ತೆಗೆದುಕೊಳ್ಳುತ್ತದೆ. ಪಿಕಪ್ ಕೇಳಿ ಕಾರು ಕೊಂಡವರಲ್ಲಿ ಅಷ್ಟು ತಾಳ್ಮೆ ಯಾರಿಗಿದೆ? ಆ ಉರುಳೆಗಳ ಮೇಲೆ ಹಂಪ್ ಇಲ್ಲ, ಅಡ್ಡ ಬರುವ ದನವಿಲ್ಲ, ಜುಲೈ ತಿಂಗಳ ಮಲೆನಾಡಿನ ಮಳೆಯಿಲ್ಲ. ಎಲ್ಲ ಕಾರುಗಳಿಗೂ ಪರೀಕ್ಷೆ ಒಂದೇ ಆದ್ದರಿಂದ ಒಂದನ್ನು ಇನ್ನೊಂದರೊಡನೆ ಹೋಲಿಸಲು ಆ ಅಂಕಿ ಚೆನ್ನ. ಮನೆಯ ಖರ್ಚಿಗೆ ಅದು ಆಧಾರವಾಗದು.

ರಸ್ತೆಯಲ್ಲಿ ಪೆಟ್ರೋಲ್ ಎಲ್ಲಿ ಸೋರುತ್ತದೆ? ಪಿಯುಸಿ ಭೌತಶಾಸ್ತ್ರ ಸಾಕು. ಒಂದು ಟನ್ ತೂಕದ ಕಾರು 60 ಕಿ.ಮೀ. ವೇಗದಲ್ಲಿ ಓಡುವಾಗ ಅದರ ಚಲನಶಕ್ತಿ ಸುಮಾರು 139 ಕಿಲೋಜೂಲ್. ಬ್ರೇಕ್ ಒತ್ತಿ ನಿಲ್ಲಿಸಿದಿರೋ, ಅಷ್ಟೂ ಶಕ್ತಿ ಬಿಸಿಯಾಗಿ ಗಾಳಿಗೆ ಹೋಯಿತು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದೆ. ಎಂಜಿನ್ ಅದರಲ್ಲಿ ಕಾಲು ಭಾಗವನ್ನು ಚಕ್ರಕ್ಕೆ ಮುಟ್ಟಿಸುತ್ತದೆ ಎಂದು ಹಿಡಿಯಿರಿ. ಮತ್ತೆ 60ರ ವೇಗ ಗಳಿಸಲು ಸುಮಾರು 17 ಮಿಲಿಲೀಟರ್, ಅಂದರೆ ಮೂರು ಟೀ ಚಮಚ ಮೀರಿದ ಪೆಟ್ರೋಲ್ ಬೇಕು. ಹತ್ತು ಬಾರಿ ನುಗ್ಗಿ ಹತ್ತು ಬಾರಿ ಬ್ರೇಕ್ ಒತ್ತಿದರೆ ಮೂರು ಕಿ.ಮೀ. ದೂರದ ಪೆಟ್ರೋಲ್ ಮಾಯ. ಹಂಪ್ ದೂರದಲ್ಲೇ ಕಂಡಾಗ ಕಾಲು ತೆಗೆದು ಕಾರನ್ನು ತಾನಾಗಿ ನಿಧಾನವಾಗಲು ಬಿಡುವವನು ಈ ಚಮಚಗಳನ್ನು ಉಳಿಸುತ್ತಾನೆ.

ಇನ್ನು ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹೆದ್ದಾರಿಯಲ್ಲಿ 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚಿದ್ದು ಕಾಲು ಪಾಲು. ಗಾಳಿಯ ತಡೆ ಹೆಚ್ಚಿದ್ದು ಶೇ. 56. ಶಿವಮೊಗ್ಗದಿಂದ 28 ಕಿ.ಮೀ. ದೂರವನ್ನು ಒಂದೇ ಸಮನೆ 80ರಲ್ಲಿ ಓಡಿಸಲು ಸಾಧ್ಯವೆಂದೇ ಇಟ್ಟುಕೊಳ್ಳಿ. 100ರಲ್ಲಿ ಓಡಿಸಿ ಉಳಿಸುವುದು ನಾಲ್ಕು ನಿಮಿಷ ಮಾತ್ರ. ಟರ್ಬೊ ಇರುವ ಪುಟ್ಟ ಎಂಜಿನ್‌ಗಳ ಗುಣವೂ ಇದೇ. ಮೆಲ್ಲಗೆ ತುಳಿದರೆ ಅವು ಮಿತಾಹಾರಿ, ಒತ್ತಿ ತುಳಿದರೆ ಹೊಟ್ಟೆಬಾಕ.

ಈಗ ಅಪ್ಪಂದಿರು ಗಮನಿಸಬೇಕಾದ ಒಂದು ಮಾತು. ‘ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡು, ಪೆಟ್ರೋಲ್ ಉಳಿಯುತ್ತೆ’ ಎಂಬ ಉಪದೇಶ ಅನೇಕ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿದುಬಂದಿದೆ. ಅಂಬಾಸಿಡರ್, ಫಿಯಟ್ ಕಾರುಗಳ ಕಾರ್ಬ್ಯುರೇಟರ್ ಕಾಲದಲ್ಲಿ ಅದರಿಂದ ನಾಲ್ಕು ಕಾಸು ಉಳಿಯುತ್ತಿತ್ತು. ಇಂದಿನ ಇಂಜೆಕ್ಷನ್ ಎಂಜಿನ್‌ಗಳ ಕಥೆ ತಿರುಗುಮುರುಗು. ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಗಣಕವು ಪೆಟ್ರೋಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದಿರೋ, ಎಂಜಿನ್ ಆರದಂತೆ ನೋಡಿಕೊಳ್ಳಲು ಪೆಟ್ರೋಲ್ ಸುರಿಯಲೇಬೇಕು. ಹಣದ ಮಾತು ಹಾಗಿರಲಿ, ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಎಂಜಿನ್ನಿನ ಹಿಡಿತವಿಲ್ಲದೆ ಬರೀ ಬ್ರೇಕಿನ ಮೇಲೆ ನಂಬಿಕೆಯಿಟ್ಟರೆ ಬ್ರೇಕ್ ಕಾದು ಕೈಕೊಡಬಹುದು. ಹತ್ತು ರೂಪಾಯಿಯೂ ಉಳಿಯದ ಉಳಿತಾಯಕ್ಕೆ ಜೀವವನ್ನು ಪಣಕ್ಕಿಡುವುದು ಯಾವ ನ್ಯಾಯ?

ಪೆಟ್ರೋಲ್ ಕೂಡ ಮೊದಲಿನದಲ್ಲ. ಈಗ ಅದರಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುತ್ತದೆ. ಆಲ್ಕೊಹಾಲ್ ತಯಾರಿಕೆ ಈ ಸೀಮೆಗೆ ಹೊಸದೇನಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಒಂದು ಕಾಲದಲ್ಲಿ ಕಾಡಿನ ಮರವನ್ನು ಬಟ್ಟಿಯಿಳಿಸಿ, ಇದ್ದಿಲಿನ ಜೊತೆಗೆ ಮೆಥನಾಲ್ ಎಂಬ ಇನ್ನೊಂದು ಬಗೆಯ ಆಲ್ಕೊಹಾಲನ್ನು ತೆಗೆಯುತ್ತಿತ್ತು. ಎಥನಾಲಿನ ಶಕ್ತಿ ಲೀಟರಿಗೆ 21 ಮೆಗಾಜೂಲ್ ಮಾತ್ರ. 80 ಪಾಲು 32ನ್ನೂ 20 ಪಾಲು 21ನ್ನೂ ಕೂಡಿಸಿ ನೋಡಿ: ಮಿಶ್ರಣದ ಶಕ್ತಿ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ. 7 ಕಡಿಮೆ. ನೀತಿ ಆಯೋಗದ 2021ರ ವರದಿಯೂ ಹಳೆಯ ವಿನ್ಯಾಸದ ಕಾರುಗಳಿಗೆ ಶೇ. 6ರಿಂದ 7ರಷ್ಟು, ಹೊಸ ಇಂಧನಕ್ಕೆ ಹೊಂದಿಸಿದ ಕಾರುಗಳಿಗೆ ಶೇ. 1ರಿಂದ 2ರಷ್ಟು ನಷ್ಟವನ್ನು ಅಂದಾಜು ಮಾಡಿತ್ತು. ಹಳೆಯ ಕಾರಿನ ಮೈಲೇಜು ಇಳಿದಿದ್ದರೆ ಎಲ್ಲ ತಪ್ಪನ್ನೂ ಮೆಕ್ಯಾನಿಕ್ ತಲೆಗೆ ಕಟ್ಟಬೇಡಿ.

ನಿಮ್ಮ ಕಾರಿನ ನಿಜವಾದ ಅಂಕಿ ತಿಳಿಯುವುದು ಸುಲಭ. ಟ್ಯಾಂಕ್ ತುಂಬಿಸಿ ಕಿ.ಮೀ. ಬರೆದಿಡಿ. ಮುಂದಿನ ಸಲ ಅದೇ ಬಂಕಿನಲ್ಲಿ, ನಳಿಕೆ ತಾನಾಗಿ ನಿಲ್ಲುವಷ್ಟೇ ತುಂಬಿಸಿ. ಓಡಿದ ದೂರವನ್ನು ಹಾಕಿದ ಲೀಟರಿನಿಂದ ಭಾಗಿಸಿ. ಒಂದು ಸಲದ ಅಂಕಿಯನ್ನು ನಂಬದೆ ನಾಲ್ಕೈದು ಸಲ ಬರೆಯಿರಿ. ಆದರೆ ಸರಾಸರಿ ತೆಗೆಯುವಾಗ ಎಚ್ಚರ! ಹೋಗುವಾಗ 30 ಕಿ.ಮೀ. ದೂರ ಲೀಟರಿಗೆ 20ರಂತೆ, ಬರುವಾಗ ಅಷ್ಟೇ ದೂರ 12ರಂತೆ ಓಡಿತು ಎನ್ನಿ. ಸರಾಸರಿ 16 ಎನ್ನುವವರೇ ಹೆಚ್ಚು. ಖರ್ಚಾದದ್ದು ಒಂದೂವರೆ ಲೀಟರ್ ಮತ್ತು ಎರಡೂವರೆ ಲೀಟರ್, 60 ಕಿ.ಮೀ.ಗೆ ನಾಲ್ಕು ಲೀಟರ್. ಉತ್ತರ 15. ಪುಸ್ತಕದ ಹರಾತ್ಮಕ ಸರಾಸರಿ ಬದುಕಿಗೆ ಬರುವುದು ಹೀಗೆ.

ಕಾರು ಕೊಳ್ಳುವ ಮೊದಲು ಕಂಪನಿಯ ಅಂಕಿಯ ಮುಕ್ಕಾಲು ಪಾಲನ್ನಷ್ಟೇ ನಂಬಿ ತಿಂಗಳ ಖರ್ಚು ಬರೆಯಿರಿ. ಅದಕ್ಕಿಂತ ಹೆಚ್ಚು ಸಿಕ್ಕರೆ ಲಾಭ, ಸಿಗದಿದ್ದರೆ ಆಘಾತವಿಲ್ಲ. ಆ ಹಾಳೆಯಲ್ಲೇ ಇನ್ನೊಂದು ಸಾಲು ಸೇರಿಸಿ. ಲೀಟರಿಗೆ 18 ಕಿ.ಮೀ. ಓಡುವ ಕಾರಿನಲ್ಲಿ ಒಬ್ಬರೇ ಕುಳಿತರೆ ಲೀಟರಿಗೆ ಸಾಗುವುದು 18 ಕಿ.ಮೀ. ಅಕ್ಕಪಕ್ಕದ ಮನೆಯ ಇನ್ನು ಮೂವರನ್ನು ಕರೆದುಕೊಂಡರೆ ತಲೆಲೆಕ್ಕದಲ್ಲಿ ಅದು 72ಕ್ಕೆ ಹತ್ತಿರ. ಬೆಳಿಗ್ಗೆ ಶಂಕರಘಟ್ಟಕ್ಕೆ ಹೊರಡುವ ಬಸ್ಸು ಲೀಟರಿಗೆ ಐದೇ ಕಿ.ಮೀ. ಓಡಿದರೂ, ಐವತ್ತು ಜನರಿದ್ದರೆ 250. ಯಾವ ಕಂಪನಿಯ ಯಾವ ಕಾರೂ ಇದನ್ನು ಮುಟ್ಟಿಲ್ಲ. ಕಾರು ಮನೆಗೆ ಬಂದ ಮೇಲೂ ವಾರಕ್ಕೆರಡು ದಿನ ಆ ಬಸ್ಸು ಹತ್ತುವ ಅಭ್ಯಾಸ ಉಳಿಸಿಕೊಂಡರೆ, ಮೈಲೇಜಿನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಉಳಿತಾಯ ಬೇರೊಂದಿಲ್ಲ.